ಸ್ಪಂಜಿಗೆ ತಡೆಯಾಜ್ಞೆ

ನಮ್ಮ ಮನೆಯಲ್ಲಿ ತೊಳೆಯದೆ ಬಿಟ್ಟದ್ದು ಅಂತ ಏನೂ ಇಲ್ಲ. ಹಾಲಿನ ಪ್ಯಾಕೆಟ್ಟು ಮಿಂದೇ ಒಳಗೆ ಬರಬೇಕು. ಗ್ಯಾಸ್ ಸಿಲಿಂಡರು ಹೊಸ್ತಿಲಲ್ಲಿ ಒಂದು ಚೊಂಬು ನೀರು ಹೊಯ್ಯಿಸಿಕೊಂಡ ಮೇಲೆಯೇ ಅಡುಗೆಮನೆ ಕಾಣಬೇಕು. ಕೊರೊನಾ ಬಂದು ಊರಿಗೆಲ್ಲ ಇದನ್ನೇ ಕಲಿಸಿದಾಗ ಅಮ್ಮ ಟಿ.ವಿ. ಮುಂದೆ ಕೂತು "ಈಗ ಬುದ್ಧಿ ಬಂತಾ ಇವರಿಗೆ" ಎಂದದ್ದು ಬಿಟ್ಟರೆ ನಮ್ಮ ದಿನಚರಿಯಲ್ಲಿ ಬದಲಾದದ್ದೇನೂ ಇರಲಿಲ್ಲ. ಉಡುಪಿ ಕಡೆಯ ಬಾವಿ ಬಿಟ್ಟು ಬಂದು, ವೆಸ್ಟ್ ಮಾಂಬಲಂನ ಫ್ಲ್ಯಾಟಿನಲ್ಲಿ ಲಾರಿ ನೀರಿಗೆ ದುಡ್ಡು ತೆತ್ತರೂ ಅಮ್ಮನ ಕೈ ಮಾತ್ರ ಇನ್ನೂ ಬಾವಿಕಟ್ಟೆಯಲ್ಲೇ ಇದೆ. ಇಂಥ ಮನೆಯ ಹಜಾರದಲ್ಲಿ ಒಂದು ಗಾಜಿನ ತೊಟ್ಟಿ, ಅದರಲ್ಲಿ ಗಪ್ಪಿ, ಮಾಲಿ, ಎರಡು ಏಂಜೆಲ್ ಮೀನುಗಳಿವೆ. ದಶಾವತಾರದಲ್ಲಿ ಮೊದಲನೆಯದು ಎಂಬ ಕಾರಣಕ್ಕೆ ಅಮ್ಮ ಅವನ್ನು ಒಪ್ಪಿಕೊಂಡಿದ್ದಾರೆ. ಆದರೆ ತೊಟ್ಟಿಯ ಫಿಲ್ಟರಿನೊಳಗಿನ ಸ್ಪಂಜನ್ನು ಅವರು ಮುಟ್ಟುವಂತಿಲ್ಲ. ಈ ತಡೆಯಾಜ್ಞೆ ಕೊಟ್ಟವನು ಕೊಳತ್ತೂರಿನ ಮೀನಂಗಡಿಯ ಹುಡುಗ.

ಮದರಾಸಿಗೂ ಗಾಜಿನೊಳಗಿನ ಮೀನಿಗೂ ನಂಟು ಹಳೆಯದು. ಸರ್ಕಾರಿ ಮ್ಯೂಸಿಯಮ್ಮಿನ ಎಡ್ಗರ್ ಥರ್ಸ್ಟನ್ ಎಂಬಾತನ ಯೋಚನೆಯಂತೆ 1909ರಲ್ಲೇ ಮರೀನಾದಲ್ಲಿ ಮತ್ಸ್ಯಾಲಯ ತೆರೆದಿತ್ತು. ಮನೆಗೆ ಮೀನು ಕೊಳ್ಳುವವರು ಸೆಂಟ್ರಲ್ ಸ್ಟೇಷನ್ನಿನ ಪಕ್ಕದ ಮೂರ್ ಮಾರ್ಕೆಟ್ಟಿಗೆ ಹೋಗುತ್ತಿದ್ದರು. ಹಳೆ ಪುಸ್ತಕ, ಗಿಳಿ, ನಾಯಿಮರಿ, ಮೀನು ಎಲ್ಲ ಒಂದೇ ಸೂರಿನಡಿ ಸಿಗುತ್ತಿದ್ದ ಆ ಮಾರುಕಟ್ಟೆ 1985ರಲ್ಲಿ ಸುಟ್ಟುಹೋಯಿತು. ಈಗ ಬಣ್ಣದ ಮೀನು ಎಂದರೆ ಕೊಳತ್ತೂರು. ವಿಲ್ಲಿವಾಕ್ಕಂ ಪಕ್ಕದ ಈ ಬಡಾವಣೆಯಲ್ಲಿ ಮನೆಯ ಹಿತ್ತಲಲ್ಲಿ, ತಾರಸಿಯ ಮೇಲೆ, ಕಾರು ನಿಲ್ಲಿಸಬೇಕಾದ ಜಾಗದಲ್ಲಿ ಸಿಮೆಂಟು ತೊಟ್ಟಿ ಕಟ್ಟಿ ಮೀನು ಮರಿ ಮಾಡಿಸುವ ಕುಟುಂಬಗಳಿವೆ. ಆಮ್ಲಜನಕ ತುಂಬಿಸಿದ ಪ್ಲಾಸ್ಟಿಕ್ ಚೀಲಗಳಲ್ಲಿ ಇಲ್ಲಿನ ಮೀನು ರೈಲು, ಬಸ್ಸು ಹತ್ತಿ ಬೆಂಗಳೂರಿಗೂ ಹೋಗುತ್ತದೆ. ನೀರಿನ ಗುಣ ನೋಡಿ ಮೀನಿನ ರೋಗ ಹೇಳುವ ಜನ ಇವರು.

ನಮ್ಮ ಮೀನುಗಳು ಒಂದೊಂದಾಗಿ ಮೇಲೆ ಬಂದು ಬಾಯಿ ಬಿಡತೊಡಗಿದಾಗ ನಾನು ಅಲ್ಲಿಗೆ ಹೋದೆ. ಯಾವ ಔಷಧಿ ಕೊಡಬೇಕು ಎಂದು ಕೇಳುವ ಮೊದಲೇ ಹುಡುಗ ಕೇಳಿದ: "ಫಿಲ್ಟರ್ ಪೈಪ್ ತಣ್ಣಿಲ ಕಳುವಿನೀಂಗಳಾ ಸಾರ್?" ನಲ್ಲಿ ನೀರಲ್ಲಿ ತೊಳೆದಿರಾ ಅಂತ. ಮನೆಗೆ ಫೋನು ಮಾಡಿದೆ. ಅಮ್ಮ ಹೆಮ್ಮೆಯಿಂದಲೇ ಒಪ್ಪಿಕೊಂಡರು. "ನಲ್ಲಿ ನೀರು ಮಾತ್ರ ಅಲ್ಲ ಮಾರಾಯ, ಪಾತ್ರೆ ಲಿಕ್ವಿಡ್ ಒಂದು ಹನಿ ಹಾಕಿ, ಬಿಸಿನೀರಲ್ಲಿ ಜಾಲಿಸಿ, ಬಾಲ್ಕನಿಯಲ್ಲಿ ಒಣಗಿಸಿದ್ದೇನೆ. ಎಂಥಾ ಗಲೀಜು ಇತ್ತು ಗೊತ್ತುಂಟಾ? ಅದನ್ನು ಇಟ್ಟುಕೊಂಡು ಮೀನು ಬದುಕುವುದಾದರೂ ಹೇಗೆ?" ಸ್ಪೀಕರಿನಲ್ಲಿ ಬಂದ ಕನ್ನಡ ಹುಡುಗನಿಗೆ ಅರ್ಥವಾಗಿರಲಾರದು, ಆದರೆ ದನಿ ಅರ್ಥವಾಯಿತು. "ಸ್ಪಂಜುಲ ಅಳುಕ್ಕು ಇರುಕ್ಕಣುಂ ಸಾರ್" ಎಂದ. ಸ್ಪಂಜಿನಲ್ಲಿ ಕೊಳೆ ಇರಬೇಕು.

ಆ ಕೊಳೆಯ ಜಾತಕ ಹೇಳುತ್ತೇನೆ. ಮೀನು ತಿಂದದ್ದರ ಶೇಷ ಬಹುಪಾಲು ಕಿವಿರಿನಿಂದಲೇ ಅಮೋನಿಯಾ ಆಗಿ ನೀರಿಗೆ ಬರುತ್ತದೆ. ಹೆಚ್ಚಾಗಿ ಹಾಕಿ ಕೊಳೆತ ಆಹಾರದ ಅಮೋನಿಯಾವೂ ಅದಕ್ಕೆ ಸೇರುತ್ತದೆ. ನದಿಯಲ್ಲಾದರೆ ಹರಿದುಹೋಗುತ್ತದೆ. ತೊಟ್ಟಿಯಲ್ಲಿ ಎಲ್ಲಿಗೆ ಹೋದೀತು? ಸ್ಪಂಜಿನ ರಂಧ್ರಗಳಲ್ಲಿ, ಸೆರಾಮಿಕ್ ರಿಂಗುಗಳ ಮೈಮೇಲೆ, ಜಲ್ಲಿಕಲ್ಲಿನಲ್ಲಿ ಅಂಟಿಕೊಂಡ ಬ್ಯಾಕ್ಟೀರಿಯಾಗಳಿಗೆ ಈ ಅಮೋನಿಯಾವೇ ಊಟ. ಅವು ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ತಂಡ ಅದನ್ನು ನೈಟ್ರೇಟ್ ಮಾಡುತ್ತದೆ. ಅಮೋನಿಯಾ ಕಿವಿರನ್ನು ಸುಡುತ್ತದೆ. ನೈಟ್ರೈಟ್ ರಕ್ತಕ್ಕಿಳಿದು ಆಮ್ಲಜನಕ ಹೊರುವ ಶಕ್ತಿಯನ್ನೇ ಕಿತ್ತುಕೊಳ್ಳುತ್ತದೆ, ಮೀನಿನ ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ. ನೈಟ್ರೇಟ್ ಮಾತ್ರ ತಕ್ಕಮಟ್ಟಿಗೆ ಸಾಧು. ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಸಾಕು. ಆ ನೀರನ್ನು ಬಾಲ್ಕನಿಯ ಕರಿಬೇವಿಗೆ ಹಾಕಿದರೆ ಅದು ಸಂತೋಷವಾಗಿ ಕುಡಿಯುತ್ತದೆ.

ಈ ಜೀವಿಗಳನ್ನು ಮೊದಲು ಪ್ರತ್ಯೇಕಿಸಿದವನು ರಷ್ಯಾದ ಸೆರ್ಗೆಯ್ ವಿನೊಗ್ರಾಡ್‌ಸ್ಕಿ, 1890ರ ಸುಮಾರಿಗೆ. ಆಮೇಲೆ ಸುಮಾರು ನೂರು ವರ್ಷ ಪಠ್ಯಪುಸ್ತಕಗಳೆಲ್ಲ ನೈಟ್ರೊಸೊಮೊನಾಸ್, ನೈಟ್ರೊಬ್ಯಾಕ್ಟರ್ ಎಂಬ ಜೋಡಿ ಹೆಸರನ್ನೇ ಜಪಿಸಿದವು. ಬಿ.ಎಸ್ಸಿ.ಯಲ್ಲಿ ನಾನೂ ಹಾಗೇ ಬರೆದು ಅಂಕ ಗಿಟ್ಟಿಸಿದ್ದೇನೆ. 1998ರಲ್ಲಿ ಟಿಮೊತಿ ಹೊವನೆಕ್ ಮತ್ತು ಸಂಗಡಿಗರು ಸಿಹಿನೀರಿನ ಅಕ್ವೇರಿಯಂಗಳಲ್ಲಿ ಹುಡುಕಿದಾಗ ನೈಟ್ರೊಬ್ಯಾಕ್ಟರ್ ಸಿಗಲಿಲ್ಲ. ನೈಟ್ರೈಟ್ ಕೆಲಸವನ್ನು ನೈಟ್ರೊಸ್ಪೈರಾ ಎಂಬ ಬೇರೆಯೇ ಕುಲ ಮಾಡುತ್ತಿತ್ತು. 2015ರಲ್ಲಿ ಇನ್ನೂ ದೊಡ್ಡ ಸುದ್ದಿ ಬಂತು. ನೈಟ್ರೊಸ್ಪೈರಾದಲ್ಲೇ ಕೆಲವು ಅಮೋನಿಯಾದಿಂದ ನೈಟ್ರೇಟ್‌ವರೆಗಿನ ಎರಡೂ ಹೆಜ್ಜೆಗಳನ್ನು ಒಂಟಿಯಾಗಿ ನಡೆಯಬಲ್ಲವು ಎಂದು ಎರಡು ತಂಡಗಳು ಒಟ್ಟಿಗೇ ತೋರಿಸಿದವು. ಅದರಲ್ಲಿ ಒಂದು ತಂಡಕ್ಕೆ ಆ ಜೀವಿ ಸಿಕ್ಕಿದ್ದು ಮೀನು ಸಾಕಣೆಯ ಫಿಲ್ಟರಿನ ಕೊಳೆಯಲ್ಲಿ. ಅಮ್ಮನ ಕೈಗೆ ಸಿಕ್ಕಿದ್ದರೆ ಆ ಸಂಶೋಧನೆ ಅಂದೇ ಚರಂಡಿ ಸೇರುತ್ತಿತ್ತು.

ಇವುಗಳ ದೊಡ್ಡ ದೌರ್ಬಲ್ಯ ಎಂದರೆ ನಿಧಾನ. ನಮ್ಮ ಹೊಟ್ಟೆಯ ಇ. ಕೋಲಿ ಒಳ್ಳೆಯ ಅನ್ನ ಸಿಕ್ಕರೆ ಇಪ್ಪತ್ತು ನಿಮಿಷಕ್ಕೆ ಎರಡಾಗುತ್ತದೆ. ನೈಟ್ರಿಫೈ ಮಾಡುವ ಬ್ಯಾಕ್ಟೀರಿಯಾಕ್ಕೆ ಎರಡಾಗಲು ಅರ್ಧ ದಿನ, ಕೆಲವೊಮ್ಮೆ ಒಂದು ದಿನವೇ ಬೇಕು. ಅದಕ್ಕೇ ಹೊಸ ತೊಟ್ಟಿ ಹದಕ್ಕೆ ಬರಲು ನಾಲ್ಕರಿಂದ ಆರು ವಾರ ಹಿಡಿಯುವುದು. ಒಂದು ಬೆಳಗಿನ ಶುಚಿತ್ವದಲ್ಲಿ ಹೋದದ್ದು ಮತ್ತೆ ಕೂಡಿಬರಲು ಅಷ್ಟು ಕಾಲ ಬೇಕು, ಅಷ್ಟು ದಿನ ಮೀನು ತನ್ನ ವಿಷದಲ್ಲೇ ಈಜಬೇಕು.

ಹಾಗಂತ ಫಿಲ್ಟರನ್ನು ತೊಳೆಯಲೇಬಾರದು ಎನ್ನುವ ಪಂಥವೂ ಇದೆ, ಅದು ಸೋಮಾರಿಗಳ ಪಂಥ. ರಂಧ್ರ ಮುಚ್ಚಿದರೆ ನೀರು ಹರಿಯುವುದಿಲ್ಲ, ಹರಿಯದಿದ್ದರೆ ಒಳಗಿನ ಜೀವಿಗಳಿಗೆ ಆಮ್ಲಜನಕ ಇಲ್ಲ. ನೀರಿನ ಧಾರೆ ಸಣ್ಣದಾದಾಗ ತೊಳೆಯಬೇಕು. ನೋಡಲು ಕೊಳಕಾಗಿದೆ ಎಂಬುದು ಕಾರಣವಾಗಬಾರದು. ಕ್ರಮ ಸರಳ. ನೀರು ಬದಲಿಸುವ ದಿನ ತೊಟ್ಟಿಯಿಂದ ಪೈಪಿನಲ್ಲಿ ಎಳೆದ ನೀರು ಬಕೆಟ್ಟಿನಲ್ಲಿರುತ್ತದಲ್ಲ, ಸ್ಪಂಜನ್ನು ಅದರಲ್ಲೇ ಅದ್ದಿ ಎರಡು ಮೂರು ಸಲ ಹಿಂಡಿ. ರಾಡಿ ಇಳಿಯುತ್ತದೆ. ಸ್ಪಂಜು ಕಂದಾಗಿಯೇ ಉಳಿಯುತ್ತದೆ, ಉಳಿಯಲಿ. ರಿಂಗುಗಳನ್ನು ಅದೇ ನೀರಲ್ಲಿ ಒಮ್ಮೆ ಅಲ್ಲಾಡಿಸಿದರೆ ಸಾಕು, ಉಜ್ಜಬೇಡಿ. ಸ್ಪಂಜನ್ನೂ ರಿಂಗನ್ನೂ ಒಂದೇ ದಿನ ಮುಟ್ಟದೆ ಎರಡು ಮೂರು ವಾರ ಬಿಟ್ಟು ಒಂದೊಂದನ್ನೇ ಮುಟ್ಟಿದರೆ ಇನ್ನೂ ಒಳ್ಳೆಯದು. ಮೇಲಿನ ಬಿಳಿ ಫಿಲ್ಟರ್ ಹತ್ತಿ ಕಸ ಹಿಡಿಯಲು ಇರುವಂಥದ್ದು, ಹಾಳಾದಾಗ ಎಸೆಯಬಹುದು. ಮೋಟಾರಿನ ಒಳಗೆ ತಿರುಗುವ ಇಂಪೆಲ್ಲರನ್ನು ಮಾತ್ರ ಚೆನ್ನಾಗಿ ಉಜ್ಜಿ. ಬೋರ್ ನೀರಿನ ಸುಣ್ಣ ಅದರ ಕಡ್ಡಿಗೆ ಕಚ್ಚಿಕೊಂಡು ಗರಗರ ಸದ್ದು ಹೊರಡಿಸುತ್ತದೆ, ನಿಂಬೆಹುಳಿಯಲ್ಲಿ ನೆನೆಸಿ ತೊಳೆದರೆ ಬಿಡುತ್ತದೆ. ನಮ್ಮ ಮನೆಯಲ್ಲಿ ಆ ಇಂಪೆಲ್ಲರ್ ಅಮ್ಮನ ಖಾತೆಗೆ ಬಿಟ್ಟದ್ದು, ಅವರಿಗೂ ಏನಾದರೂ ಬೇಕಲ್ಲ.

ಫಿಲ್ಟರಿನ ಡಬ್ಬಿಯೊಳಗೆ ಬರುವ ಚೀಟಿಗಳಲ್ಲಿ ತಿಂಗಳಿಗೊಮ್ಮೆ ಇಡೀ ಕಾರ್ಟ್ರಿಡ್ಜ್ ಬದಲಿಸಿ ಎಂದು ಬರೆದಿರುತ್ತದೆ. ಇದು ಕಾರ್ಟ್ರಿಡ್ಜ್ ಮಾರುವವರ ಶಾಸ್ತ್ರ. ಹರಿದು ಪುಡಿಯಾಗುವವರೆಗೂ ಸ್ಪಂಜು ಕೆಲಸ ಮಾಡುತ್ತದೆ. ಹೊಸದು ಹಾಕಲೇಬೇಕಾದರೆ ಹಳೆಯದರ ಜೊತೆಗೇ ಕೆಲವು ವಾರ ಓಡಿಸಿ ಆಮೇಲೆ ಹಳೆಯದನ್ನು ತೆಗೆಯಬೇಕು.

ನಲ್ಲಿ ನೀರಿನ ಭಯ ಕ್ಲೋರಿನ್ನಿನದು. ಒಂದು ಸಲ ಸೋಕಿದ ಮಾತ್ರಕ್ಕೆ ಎಲ್ಲವೂ ಸಾಯುವುದಿಲ್ಲ. ಬ್ಯಾಕ್ಟೀರಿಯಾಗಳು ತಾವೇ ಸುರಿಸಿದ ಅಂಟಿನ ಪದರದೊಳಗೆ ಹುದುಗಿರುತ್ತವೆ, ಅದು ಅಷ್ಟಿಷ್ಟು ಕಾಯುತ್ತದೆ. ಸೋಪು, ಬಿಸಿನೀರು, ಬಿಸಿಲು ಮೂರನ್ನೂ ಎದುರಿಸುವ ಶಕ್ತಿ ಮಾತ್ರ ಆ ಅಂಟಿಗೆ ಇಲ್ಲ. ಚೆನ್ನೈಯಲ್ಲಿ ನಲ್ಲಿ ನೀರು ಅಂದರೆ ಯಾವ ನೀರು ಎಂದೂ ಕೇಳಬೇಕು. ಒಂದು ದಿನ ಮೆಟ್ರೋ ವಾಟರ್, ಮರುದಿನ ಬೋರು, ಅದು ಬತ್ತಿದರೆ ಲಾರಿ. ಮೂರೂ ಒಂದೇ ಸಂಪಿಗೆ ಬಿದ್ದು ಒಂದೇ ನಲ್ಲಿಯಲ್ಲಿ ಬರುತ್ತವೆ. ಕ್ಲೋರಿನ್ ವಾಸನೆ ಹೊಡೆಯುವ ದಿನ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ಇಟ್ಟರೆ ಹಾರಿಹೋಗುತ್ತದೆ. ಅವಸರವಿದ್ದರೆ ಆಂಟಿ ಕ್ಲೋರಿನ್ ಇದೆ. ಅದು ಸೋಡಿಯಂ ಥಯೋಸಲ್ಫೇಟ್, ಹಿಂದೆ ಫೋಟೊ ಸ್ಟುಡಿಯೋಗಳ ಕತ್ತಲೆ ಕೋಣೆಯಲ್ಲಿ ಹೈಪೊ ಎನ್ನುತ್ತಿದ್ದರಲ್ಲ, ಅದೇ.

2019ರ ಬೇಸಿಗೆಯಲ್ಲಿ ಪುಳಲ್, ಚೆಂಬರಂಬಾಕ್ಕಂ, ಪೂಂಡಿ, ಚೋಳವರಂ ನಾಲ್ಕೂ ಕೆರೆಗಳ ತಳ ಕಂಡಾಗ ಮೀನಿಗೆ ನೀರು ಬದಲಿಸುವುದೆಂದರೆ ನೆರೆಯವರೆದುರು ತಲೆ ತಗ್ಗಿಸುವ ಕೆಲಸವಾಗಿತ್ತು. ಜುಲೈ 12ರಂದು ಜೋಲಾರ್‌ಪೇಟೆಯಿಂದ ಐವತ್ತು ವ್ಯಾಗನ್ನುಗಳ ರೈಲು 25 ಲಕ್ಷ ಲೀಟರು ನೀರು ಹೊತ್ತು ಬಂದು ನಿಂತದ್ದು ವಿಲ್ಲಿವಾಕ್ಕಂನಲ್ಲಿ, ಮೀನಂಗಡಿಗಳ ಪಕ್ಕದಲ್ಲೇ. ಆ ನೀರು ಕಾವೇರಿಯದು. ಮನೆಯಲ್ಲಿ ಕನ್ನಡಿಗರಾದ ನಾವು ಯಾರೂ ಆ ವಿಷಯ ಎತ್ತಲಿಲ್ಲ, ನೆರೆಯವರೂ ಎತ್ತಲಿಲ್ಲ. ಆ ತಿಂಗಳುಗಳಲ್ಲಿ ತೊಟ್ಟಿಯನ್ನು ಕಾಪಾಡಿದ್ದು ಹಳೆಯ ಸ್ಪಂಜು ಮತ್ತು ಅರ್ಧಕ್ಕಿಳಿಸಿದ ಆಹಾರ. ಮೀನಿಗೆ ಕಡಿಮೆ ಹಾಕಿದಷ್ಟೂ ಫಿಲ್ಟರಿಗೆ ಕೆಲಸ ಕಡಿಮೆ.

ಅಮ್ಮ ತೊಳೆದ ಸ್ಪಂಜಿನ ಕಥೆಗೆ ಬರುತ್ತೇನೆ. ಹುಡುಗ ಔಷಧಿ ಕೊಡಲಿಲ್ಲ. ಬಾಟಲಿಯಲ್ಲಿ ಬ್ಯಾಕ್ಟೀರಿಯಾ ಅಂತ ಮಾರುವ ದ್ರವಗಳು ಅವನ ಶೆಲ್ಫಿನಲ್ಲೇ ಇದ್ದವು, ಅವನ್ನೂ ಕೊಡಲಿಲ್ಲ. ಮರಿಗಳ ತೊಟ್ಟಿಯಲ್ಲಿ ಗುಳುಗುಳು ಎನ್ನುತ್ತಿದ್ದ ಒಂದು ಹಳೆ ಸ್ಪಂಜನ್ನು ಎತ್ತಿ, ಅದೇ ನೀರಿನೊಂದಿಗೆ ಚೀಲಕ್ಕೆ ಹಾಕಿ ಕಟ್ಟಿಕೊಟ್ಟ. ಒಣಗಲು ಬಿಡಬೇಡಿ, ನೇರ ಮನೆಗೆ ಹೋಗಿ ಎಂದ. ಮನೆಯಲ್ಲಿ ಅಮ್ಮನಿಗೆ ಬ್ಯಾಕ್ಟೀರಿಯಾ, ನೈಟ್ರೈಟ್ ಎಲ್ಲ ಹೇಳಿ ಸೋತಿದ್ದೆ. ಕೊನೆಗೆ "ಇದು ಹೆಪ್ಪು, ಪಕ್ಕದ ಮನೆಯಿಂದ ತಂದದ್ದು" ಎಂದೆ. ಅವರ ಮುಖವೇ ಬದಲಾಯಿತು. ಹೆಪ್ಪಿನ ಬಟ್ಟಲನ್ನು ಯಾರಾದರೂ ಸೋಪು ಹಾಕಿ ಉಜ್ಜುತ್ತಾರೆಯೇ ಎಂದು ತಾವೇ ಕೇಳಿ, ತಾವೇ ಸುಮ್ಮನಾದರು. ಬೇರೆಯವರ ತೊಟ್ಟಿಯಿಂದ ತಂದ ಸ್ಪಂಜಿನೊಂದಿಗೆ ಅವರ ಮೀನಿನ ರೋಗವೂ ಬರಬಹುದು, ಆದ್ದರಿಂದ ಮೀನು ಲವಲವಿಕೆಯಿಂದಿರುವ ಕಡೆಯಿಂದ ಮಾತ್ರ ತರಬೇಕು ಎಂಬುದು ಮಾತ್ರ ನೆನಪಿರಲಿ.

ಈ ಊರಿನ ಅಕ್ವೇರಿಯಂಗಳಿಗೆ ಅಮ್ಮಂದಿರಿಗಿಂತ ದೊಡ್ಡ ಶತ್ರು ಡಿಸೆಂಬರ್. 2015ರ ಪ್ರವಾಹ, 2016ರ ವರ್ದಾ, 2023ರ ಮಿಚಾಂಗ್, ಮೂರೂ ಡಿಸೆಂಬರಿನಲ್ಲೇ ಬಂದವು, ಮೂರರಲ್ಲೂ ಹಲವು ಬಡಾವಣೆಗಳಲ್ಲಿ ದಿನಗಟ್ಟಲೆ ಕರೆಂಟು ಇರಲಿಲ್ಲ. ಮೀನು ಉಪವಾಸ ಬೇಕಾದರೆ ನಾಲ್ಕು ದಿನ ಇರುತ್ತದೆ, ಫಿಲ್ಟರು ಇರುವುದಿಲ್ಲ. ಒಂದು ಗ್ರಾಂ ಸಾರಜನಕದಷ್ಟು ಅಮೋನಿಯಾವನ್ನು ನೈಟ್ರೇಟ್ ಮಾಡಲು ಬ್ಯಾಕ್ಟೀರಿಯಾಗಳಿಗೆ ಸುಮಾರು 4.5 ಗ್ರಾಂ ಆಮ್ಲಜನಕ ಬೇಕು. ನಮ್ಮ ಸೆಕೆಯ ನೀರಿನಲ್ಲಿ ಅದು ಮೊದಲೇ ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ 9 ಮಿಲಿಗ್ರಾಂ ಕರಗುವ ಕಡೆ 30 ಡಿಗ್ರಿಯಲ್ಲಿ ಏಳೂವರೆ ಮಾತ್ರ ಕರಗುತ್ತದೆ. ಹರಿವು ನಿಂತ ಕ್ಯಾನಿಸ್ಟರ್ ಫಿಲ್ಟರು ಮುಚ್ಚಿದ ಡಬ್ಬಿ. ಕೆಲವೇ ಗಂಟೆಗಳಲ್ಲಿ ಒಳಗಿನ ಆಮ್ಲಜನಕ ಮುಗಿದು, ಜೀವಿಗಳು ಸತ್ತು, ಕೊಳೆತ ಮೊಟ್ಟೆಯ ವಾಸನೆ ಹುಟ್ಟುತ್ತದೆ. ಕರೆಂಟು ಬಂದ ಕೂಡಲೇ ಮೋಟಾರು ಆ ವಿಷವನ್ನೆಲ್ಲ ತೊಟ್ಟಿಗೆ ಉಗುಳುತ್ತದೆ. ಬಿರುಗಾಳಿಯಲ್ಲಿ ಉಳಿದ ಮೀನು ಬೆಳಕು ಬಂದ ರಾತ್ರಿ ಸಾಯುವುದು ಹೀಗೆ.

ಆದ್ದರಿಂದ ಚೆನ್ನೈಯಲ್ಲಿ ಮೀನು ಸಾಕುವ ಕನ್ನಡಿಗರಲ್ಲಿ ನನ್ನ ಕೋರಿಕೆ ಇಷ್ಟು. ದೀಪಾವಳಿಗೆ ಮನೆ ತೊಳೆಯುವಾಗ ಫಿಲ್ಟರನ್ನು ಪಟ್ಟಿಯಿಂದ ಬಿಡಿ. ಕರೆಂಟು ಹೋಗಿ ಬೇಗ ಬರುವ ಲಕ್ಷಣ ಇಲ್ಲದಿದ್ದರೆ ಡಬ್ಬಿ ಬಿಚ್ಚಿ ಸ್ಪಂಜನ್ನೂ ರಿಂಗನ್ನೂ ತೊಟ್ಟಿಯ ನೀರಿಗೇ ಇಳಿಸಿ, ಆಹಾರ ನಿಲ್ಲಿಸಿ. ಬಂದ ಮೇಲೆ ಡಬ್ಬಿಯ ನೀರು ಚೆಲ್ಲಿ, ತೊಟ್ಟಿಯ ನೀರಲ್ಲಿ ಜಾಲಿಸಿ ಆಮೇಲೆ ಸ್ವಿಚ್ ಹಾಕಿ. ಬ್ಯಾಟರಿಯಲ್ಲಿ ಓಡುವ ಏರ್ ಪಂಪು ಕೊಳತ್ತೂರಿನಲ್ಲಿ ಸಿಗುತ್ತದೆ. ಅದನ್ನು ಅಕ್ಟೋಬರ್ ಮುಗಿಯುವ ಮುಂಚೆ ತಂದಿಟ್ಟುಕೊಳ್ಳಿ.