ಮಕ್ಕಳ ಪ್ರಶ್ನೆ ಮತ್ತು ನಾಗರಿಕತೆಗಳ ಏಳುಬೀಳು

ಶಿವಾಜಿನಗರದ ಮದ್ರಸಾವೊಂದರಲ್ಲಿ ಸಂಜೆ ಹೊತ್ತು ನಾನು ಮಕ್ಕಳಿಗೆ ಪಾಠ ಹೇಳುತ್ತೇನೆ. ಒಂದು ದಿನ ಬಗ್ದಾದಿನ ಗತವೈಭವವನ್ನು ಹೆಮ್ಮೆಯಿಂದ ವರ್ಣಿಸುತ್ತಿದ್ದೆ. ಹತ್ತು ವರ್ಷದ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಆಪಾ, ಅಷ್ಟು ದೊಡ್ಡವರಾಗಿದ್ದ ನಾವು ಯಾಕೆ ಹೀಗಾದೆವು?"

"ಮೊದಲು ಸಬಕ್ ಓದು, ಪ್ರಶ್ನೆ ಆಮೇಲೆ" ಎಂದು ಗದರಿ ಕೂರಿಸಿದೆ. ನಿಜ ಹೇಳಬೇಕೆಂದರೆ, ನನ್ನ ಬಳಿ ಉತ್ತರವಿರಲಿಲ್ಲ.

ಆ ರಾತ್ರಿ ಹಲಸೂರಿನ ಮನೆಯಲ್ಲಿ ನಿದ್ದೆ ಹತ್ತಲಿಲ್ಲ. ಒಮ್ಮೆ ನನ್ನನ್ನೂ ಹೀಗೆಯೇ ಕೂರಿಸಿದ್ದರು. ನಮ್ಮ ಹೆಣ್ಣುಮಕ್ಕಳ ಮದ್ರಸಾದಲ್ಲಿ ಮಂತಿಕ್, ಅಂದರೆ ತರ್ಕಶಾಸ್ತ್ರ, ಇರಲಿಲ್ಲ. ಭಾಯಿಜಾನ್ ಬಾಯಿಪಾಠ ಮಾಡುತ್ತಿದ್ದ 'ಈಸಾಗೂಜಿ' ಎಂಬ ಪುಸ್ತಕದ ಹೆಸರಿಗೆ ಅರ್ಥವೇನೆಂದು ಹಿರಿಯರೊಬ್ಬರನ್ನು ಕೇಳಿದ್ದೆ. "ನಿನಗೇಕೆ ಅದು?" ಎಂದಿದ್ದರು. ಮದುವೆಯ ನಂತರ ಬಿ.ಎ. ಪರೀಕ್ಷೆಗೆ ಕಟ್ಟಿದಾಗಲೇ ತಿಳಿದದ್ದು, ಅದು ಮೂಲತಃ ಗ್ರೀಕ್ ಪದ, ಪೀಠಿಕೆ ಎಂದರ್ಥ. 13ನೇ ಶತಮಾನದ ವಿದ್ವಾಂಸ ಅಬ್‌ಹರಿ, ಗ್ರೀಕ್ ಭಾಷೆಯಲ್ಲಿ ಬರೆದ ಪೋರ್ಫಿರಿಯ ಗ್ರಂಥದ ಹೆಸರನ್ನೇ ತನ್ನ ಪುಸ್ತಕಕ್ಕೂ ಇಟ್ಟಿದ್ದರು.

ಏಳಿಗೆಯಲ್ಲಿರುವ ನಾಗರಿಕತೆಯ ಗುರುತು ಇದೇ. ಅದು ಇತರರಿಂದ ಕಲಿಯಲು ಅಂಜುವುದಿಲ್ಲ. 9ನೇ ಶತಮಾನದ ಬಗ್ದಾದಿನಲ್ಲಿ ಗ್ರೀಕ್ ಗ್ರಂಥಗಳನ್ನು ಅರಬಿಗೆ ತಂದವರಲ್ಲಿ ಪ್ರಮುಖರಾದ ಹುನೈನ್ ಇಬ್ನ್ ಇಸ್‌ಹಾಕ್ ಒಬ್ಬ ಕ್ರೈಸ್ತ ವೈದ್ಯರು. ಸತ್ಯವು ಪರಕೀಯರಿಂದ ಬಂದರೂ ಸ್ವೀಕರಿಸಲು ನಾಚಬೇಕಿಲ್ಲ ಎಂಬುದು ತತ್ವಜ್ಞಾನಿ ಅಲ್‌ಕಿಂದಿಯವರ ನಿಲುವಾಗಿತ್ತು.

1258ರಲ್ಲಿ ಮಂಗೋಲರು ಬಗ್ದಾದನ್ನು ಧ್ವಂಸ ಮಾಡಿದರು. ಆದರೆ ಮರುವರ್ಷವೇ ಮರಾಗಾದಲ್ಲಿ ನಸೀರುದ್ದೀನ್ ತೂಸಿಯವರ ನೇತೃತ್ವದಲ್ಲಿ ಖಗೋಳ ವೀಕ್ಷಣಾಲಯದ ಕೆಲಸ ಆರಂಭವಾಯಿತು. ನಗರ ಬಿದ್ದರೂ ಪ್ರಶ್ನೆ ಬದುಕಿತ್ತು! ಅತ್ತ ಸ್ಪೇನಿನ ಕುರ್ತುಬಾದಲ್ಲಿ 1195ರಲ್ಲಿ ಇಬ್ನ್ ರುಶ್ದ್‌ರನ್ನು ಗಡಿಪಾರು ಮಾಡಿ ತತ್ವಶಾಸ್ತ್ರದ ಪುಸ್ತಕಗಳನ್ನು ಸುಡಲಾಯಿತು. 1236ರಲ್ಲಿ ಆ ನಗರವೂ ಕೈತಪ್ಪಿತು. ಪುಸ್ತಕ ಸುಟ್ಟದ್ದರಿಂದಲೇ ನಗರ ಹೋಯಿತೆಂದು ನಾನು ಹೇಳಲಾರೆ. ಆದರೆ ಅವರ ಗ್ರಂಥಗಳು ಲ್ಯಾಟಿನ್‌ಗೆ ಅನುವಾದಗೊಂಡು ಪ್ಯಾರಿಸ್‌ನಲ್ಲಿ ಚರ್ಚೆಯಾದವು. ನಾವು ಬೇಡವೆಂದ ಪ್ರಶ್ನೆ ಇನ್ನೊಬ್ಬರ ಮನೆಯ ದೀಪವಾಯಿತು.

ನಮ್ಮ ಊರಿನ ಕಥೆಯೂ ಬೇರೆಯಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದಾಗ ಟಿಪ್ಪು ಸುಲ್ತಾನರ ಅರಮನೆಯಲ್ಲಿ ಸುಮಾರು 2000 ಗ್ರಂಥಗಳಿದ್ದವು. ಗೆದ್ದವರು ಖಜಾನೆಯನ್ನಷ್ಟೇ ಎಣಿಸಲಿಲ್ಲ, ಪುಸ್ತಕಗಳನ್ನೂ ಎಣಿಸಿ ಸಾಗಿಸಿದರು. ಚಾರ್ಲ್ಸ್ ಸ್ಟುವರ್ಟ್ ಅವುಗಳ ವಿವರವಾದ ಪಟ್ಟಿಯನ್ನು 1809ರಲ್ಲಿ ಪ್ರಕಟಿಸಿದರು. ಅದೇ ವರ್ಷ ಬ್ರಿಟಿಷ್ ಸೇನೆ ಶ್ರೀರಂಗಪಟ್ಟಣದಿಂದ ಹಲಸೂರಿನ ಬಳಿಗೆ ಬಂದು, ನಾವಿಂದು ವಾಸಿಸುವ ಈ ದಂಡು ಪ್ರದೇಶ ಬೆಳೆಯತೊಡಗಿತು.

ಇಬ್ನ್ ಖಲ್ದೂನ್ 1377ರಲ್ಲಿ ಬರೆದ 'ಮುಕದ್ದಿಮಾ'ದಲ್ಲಿ ಮನೆತನದ ಘನತೆ ನಾಲ್ಕು ತಲೆಮಾರಿಗೆ ಮುಗಿಯುತ್ತದೆ ಎಂದಿದ್ದಾರೆ. ಮೊದಲನೆಯವನು ಕಷ್ಟಪಟ್ಟು ಕಟ್ಟುತ್ತಾನೆ. ಎರಡನೆಯವನು ಅವನನ್ನು ಕಂಡು ಕಲಿಯುತ್ತಾನೆ. ಮೂರನೆಯವನು ಬರೀ ಅನುಕರಿಸುತ್ತಾನೆ. ನಾಲ್ಕನೆಯವನು ಅದೆಲ್ಲ ಹುಟ್ಟಿನಿಂದಲೇ ಬಂದದ್ದೆಂದು ಬೀಗಿ ಕಳೆದುಕೊಳ್ಳುತ್ತಾನೆ.

ಮರುದಿನ ತರಗತಿಯಲ್ಲಿ ಆ ಹುಡುಗಿಯನ್ನು ಹತ್ತಿರ ಕರೆದು, "ನಿನ್ನೆ ನಾನು ತಪ್ಪು ಮಾಡಿದೆ ಬೇಟಿ" ಎಂದೆ. ಈ ಕಥೆಯನ್ನೆಲ್ಲ ಹೇಳಿದೆ. ಅವಳು ಸ್ವಲ್ಪ ಯೋಚಿಸಿ ಕೇಳಿದಳು: "ಹಾಗಾದರೆ ನಾವು ಎಷ್ಟನೆಯ ತಲೆಮಾರು, ಆಪಾ?"

ಈ ಬಾರಿಯೂ ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಅವಳನ್ನು ಕೂರಿಸಲಿಲ್ಲ. "ಎಲ್ಲರೂ ಸೇರಿ ಯೋಚಿಸೋಣ" ಎಂದೆ.

ಸಹೋದರಿಯರೇ, ಚಪಾತಿ ಲಟ್ಟಿಸುವಾಗ ಮಗು ಬಂದು 'ಯಾಕೆ' ಎಂದು ಸೆರಗೆಳೆದರೆ ದಯವಿಟ್ಟು ಗದರಬೇಡಿ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ, ಜೊತೆಯಲ್ಲಿ ಹುಡುಕಿ. ಮೊದಲ ತಲೆಮಾರು ಮತ್ತೆ ಹುಟ್ಟುವುದಿದ್ದರೆ ಅದು ನಮ್ಮ ಅಡುಗೆಮನೆಗಳಲ್ಲೇ ಹುಟ್ಟಬೇಕು.