ಹಗುರವಾದ ಟೈರು

ಯುಗಾದಿಯ ಕೂಟದಲ್ಲಿ ಊಟಕ್ಕೆ ಕುಳಿತಿದ್ದಾಗ ಪಕ್ಕದ ಎಲೆಯ ತರುಣ ಮಿತ್ರರೊಬ್ಬರು, "ಗುಡ್ಡದ ದಾರಿಗೂ ಡಾಂಬರು ರಸ್ತೆಗೂ ಆಗುವಂಥ ಹಗುರವಾದ ಸೈಕಲ್ ಟೈರು ಯಾವುದು, ಸಾರ್?" ಎಂದು ಕೇಳಿದರು. ಹೋಳಿಗೆಯ ಮೇಲೆ ತುಪ್ಪ ಬೀಳುತ್ತಿದ್ದ ಸಮಯ. ಉತ್ತರವೋ ಒಂದು ಮಾತಿನಲ್ಲಿ ಮುಗಿಯುವಂಥದಲ್ಲ. "ನಮ್ಮ ಪತ್ರಿಕೆಯಲ್ಲಿ ಬರೆಯುತ್ತೇನೆ" ಎಂದು ಹೇಳಿ ಪಾರಾದೆ. ಆ ಮಾತನ್ನು ಈಗ ಸಲ್ಲಿಸುತ್ತಿದ್ದೇನೆ. ಟೈರಿನ ವಿಷಯದಲ್ಲಿ ನಾನು ಪಂಡಿತನಲ್ಲ. ಒಮ್ಮೆ ಚೆನ್ನಾಗಿ ತಪ್ಪಿದವನು, ಅಷ್ಟೆ.

ಶಿವಮೊಗ್ಗದ ಕಡೆಯ ನಮ್ಮ ಹಳ್ಳಿಯಲ್ಲಿ ತಂದೆಯವರ ಹತ್ತಿರ ಒಂದು ಕಪ್ಪು ಸೈಕಲ್ಲಿತ್ತು. ಒಳಗಿನ ನೂಲು ಕಾಣುವವರೆಗೆ ಟೈರು ಓಡಿಸುವುದು, ಆಮೇಲೆ ಪೇಟೆಯಿಂದ ಅದೇ ಇಪ್ಪತ್ತೆಂಟು ಅಂಗುಲದ್ದನ್ನು ತರುವುದು. ಆಯ್ಕೆ ಎಂಬ ಕಷ್ಟ ಅವರಿಗಿರಲಿಲ್ಲ. ನನಗೆ ಆ ಕಷ್ಟ ಬಂದದ್ದು ವಿಶಾಖಪಟ್ಟಣದಲ್ಲಿ. ಡಾಕ್ಟರು ವ್ಯಾಯಾಮ ಬೇಕೆಂದರು. ನಾನು ಗುಡ್ಡಗಾಡಿನ ಸೈಕಲ್ಲೊಂದನ್ನು ಕೊಂಡೆ. ಮಗಳು ತನಗೂ ಬೇಕೆಂದಳು, ಅದೂ ಬಂತು. ಬೆಳಗಿನ ಜಾವ ಎಂ.ವಿ.ಪಿ. ಕಾಲೊನಿಯಿಂದ ಹೊರಟು, ಸಮುದ್ರವನ್ನು ಬಲಗಡೆಗೆ ಇಟ್ಟುಕೊಂಡು, ಋಷಿಕೊಂಡವನ್ನು ದಾಟಿ ಭೀಮಿಲಿಯ ಕಡೆಗೆ ಹೋಗುವುದು ನಮ್ಮಿಬ್ಬರ ಭಾನುವಾರದ ವ್ರತವಾಯಿತು. ಅಷ್ಟರಲ್ಲಿ ತೂಕದ ಹುಚ್ಚು ನನಗೆ ಹತ್ತಿತು.

ಸೈಕಲ್ಲಿನ ಜೊತೆಗೆ ಬಂದ ಟೈರನ್ನು ಬಿಚ್ಚಿ ಅಡಿಗೆಮನೆಯ ತಕ್ಕಡಿಯಲ್ಲಿಟ್ಟೆ; 760 ಗ್ರಾಂ. ತರಿಸಿಕೊಂಡ ಹೊಸದನ್ನಿಟ್ಟೆ, 510 ಗ್ರಾಂ. ಅದರ ಅಂಚಿನಲ್ಲಿ ಉಕ್ಕಿನ ತಂತಿಯ ಬದಲು ಅರಾಮಿಡ್ ಎಂಬ ಗಟ್ಟಿ ನೂಲಿರುತ್ತದೆ; ಧೋತರದಂತೆ ಮಡಿಸಿ ಇಡಬಹುದು. ಪಕ್ಕದ ಗೋಡೆಯೂ ತೆಳುವು. ಒಂದು ಸೈಕಲ್ಲಿಗೆ ಅರ್ಧ ಕಿಲೋ ಉಳಿತಾಯವೆಂದು ನಾನು ಸಂಭ್ರಮಿಸುತ್ತಿದ್ದಾಗ ನನ್ನಾಕೆ, "ನೀವು ನಾಲ್ಕು ದಿನ ಜಾಮೂನು ಬಿಟ್ಟರೆ ದುಡ್ಡಿಲ್ಲದೆ ಇಷ್ಟು ಇಳಿಯುತ್ತಿತ್ತು" ಎಂದಳು. ಹೆಂಗಸರಿಗೆ ಯಂತ್ರಶಾಸ್ತ್ರ ತಿಳಿಯದೆಂದು ಮನಸ್ಸಿನಲ್ಲೇ ನಕ್ಕು, ಮಗಳ ಸೈಕಲ್ಲಿಗೂ ಅದನ್ನೇ ಹಾಕಿದೆ. ಅಷ್ಟಕ್ಕೇ ನಿಲ್ಲಲಿಲ್ಲ. ಇಷ್ಟು ಕಷ್ಟಪಟ್ಟು ಇಳಿಸಿದ ತೂಕವನ್ನು ಮತ್ತೇಕೆ ಹೇರಬೇಕೆಂದು ಗಾಳಿ ಹೊಡೆಯುವ ಕೈಪಂಪನ್ನೂ ತೇಪೆಯ ಡಬ್ಬಿಯನ್ನೂ ಮನೆಯಲ್ಲಿ ಬಿಟ್ಟೆ.

ಅದು 2017ರ ಡಿಸೆಂಬರು. ಭೀಮಿಲಿಗೆ ಮುಂಚೆ ಎರ್ರಮಟ್ಟಿ ದಿಬ್ಬಗಳೆಂಬ ಕೆಂಪು ಮರಳಿನ ದಿಣ್ಣೆಗಳಿವೆ, ನೋಡಿದವರು ಬಲ್ಲರು. ಸಾವಿರಾರು ವರ್ಷಗಳಲ್ಲಿ ಗಾಳಿ, ಮಳೆ, ಸಮುದ್ರ ಸೇರಿ ಕಟ್ಟಿದ್ದು. ಕಾಪಾಡಬೇಕಾದ ಭೂಪರಂಪರೆಯ ತಾಣ. ಆದ್ದರಿಂದ ದಿಬ್ಬದ ಮೇಲೆ ಸೈಕಲ್ಲು ಹತ್ತಿಸಲಿಲ್ಲ. ಅಂಚಿನ ಮಣ್ಣು ಹಾದಿಯಲ್ಲಿ ಸ್ವಲ್ಪ ದೂರ ಹೋಗಿ ತಿರುಗಿದೆವು. ರಸ್ತೆಗೆ ಬಂದ ಮೇಲೆ ಮಗಳು, "ಅಪ್ಪ, ಮುಂದಿನ ಚಕ್ರದಲ್ಲಿ ಗಾಳಿ ಕಡಿಮೆಯಾದ ಹಾಗಿದೆ" ಎಂದಳು. ನಾನು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಮೆತ್ತಗಿತ್ತು. ಪಂಪು ಇರಲಿಲ್ಲ. "ನಡೆಯುತ್ತದೆ, ನಿಧಾನವಾಗಿ ಬಾ" ಎಂದೆ.

ನಡೆಯಲಿಲ್ಲ. ಋಷಿಕೊಂಡದ ಹತ್ತಿರ ಒಂದು ಇಳಿಜಾರಿನ ತಿರುವಿನಲ್ಲಿ ಗಾಳಿಯಿಲ್ಲದ ಟೈರು ಪಕ್ಕಕ್ಕೆ ಮಡಚಿಕೊಂಡಿತು. ಹುಡುಗಿ ಬಲಗೈ ಊರಿ ಬಿದ್ದಳು. ಹಿಂದೆ ಬರುತ್ತಿದ್ದ ಆಟೋದವನು ಬ್ರೇಕು ಹಾಕಿದ್ದರಿಂದ ಅಷ್ಟಕ್ಕೇ ಮುಗಿಯಿತು. ಅದೇ ಆಟೋದಲ್ಲಿ ಆಸ್ಪತ್ರೆಗೆ ಹೋದೆವು. ಮಣಿಕಟ್ಟಿನ ಮೂಳೆ ಬಿರಿದಿತ್ತು. ಆರು ವಾರ ಪಟ್ಟಿ. ಮಾರ್ಚಿಯಲ್ಲಿ ಅವಳ ಹತ್ತನೆಯ ತರಗತಿಯ ಪರೀಕ್ಷೆ. ನನ್ನಾಕೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಮಾರನೆಯ ದಿನ ಸೈಕಲ್ಲನ್ನು ನಮ್ಮ ಬೀದಿಯ ಪಂಕ್ಚರಿನವನ ಬಳಿಗೆ ಒಯ್ದೆ. ಆತ ಟ್ಯೂಬನ್ನು ನೀರಿನ ಬಾಂಡಲಿಯಲ್ಲಿ ಅದ್ದಿದ. ಮೂರು ಕಡೆ ಗುಳ್ಳೆ ಎದ್ದಿತು. ಟೈರಿನ ಒಳಗೆ ಬೆರಳಾಡಿಸಿ ಮೂರು ಮುಳ್ಳು ತೆಗೆದು ನನ್ನ ಅಂಗೈಯಲ್ಲಿಟ್ಟ. "ಪಲ್ಲೇರು" ಎಂದ. ನಾನು ನೋಡಿದೆ, ನಮ್ಮ ನೆಗ್ಗಿಲು ಮುಳ್ಳು! ಬರಿಗಾಲಿನ ಬಾಲ್ಯದಲ್ಲಿ ಎಷ್ಟು ಕಿತ್ತಿಲ್ಲ! ನೆಲದ ಮೇಲೆ ಹಬ್ಬುವ ಆ ಗಿಡದ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ನಿಲ್ಲುತ್ತದೆ. ಅದಕ್ಕೆ ಕನ್ನಡ, ತೆಲುಗು ಎಂಬ ಭೇದವಿಲ್ಲ. ಆತ ಆ ತೆಳು ಟೈರನ್ನು ಬೆರಳಲ್ಲಿ ಹಿಚುಕಿ, "ಇದು ಪಂದ್ಯಕ್ಕೆ ಸರಿ. ಈ ಪಿಲ್ಲಕ್ಕೆ ಯಾಕೆ ಹಾಕಿದಿರಿ?" ಎಂದು ಕೇಳಿದ. ನನ್ನ ಹತ್ತಿರ ಉತ್ತರವಿರಲಿಲ್ಲ.

ಆ ಆರು ವಾರ ಮಗಳು ಪಾಠ ಓದಿದಳು. ನಾನು ಟೈರಿನ ವಿಚಾರ ಓದಿದೆ. ಗಾಳಿ ತುಂಬಿದ ಟೈರನ್ನು ಬೆಲ್‌ಫಾಸ್ಟಿನಲ್ಲಿ ಡನ್‌ಲಪ್ ಎಂಬ ಪಶುವೈದ್ಯ 1887ರಲ್ಲಿ ಮಾಡಿದ್ದು ತನ್ನ ಚಿಕ್ಕ ಮಗನ ಮೂರು ಚಕ್ರದ ಬಂಡಿಗೆ. ಮರುವರ್ಷ ಪೇಟೆಂಟು ಪಡೆದ. ಮಗುವಿನ ಮೈ ಕುಲುಕಬಾರದೆಂದು ಒಬ್ಬ ತಂದೆ ಟೈರು ಕಟ್ಟಿದ. ತಕ್ಕಡಿಯ ಮುಳ್ಳು ಇಳಿಯಲೆಂದು ಇನ್ನೊಬ್ಬ ತಂದೆ ಕೊಂಡ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈಗ ಮಿತ್ರರ ಪ್ರಶ್ನೆಗೆ ಬರುತ್ತೇನೆ. ಮೊದಲು ಅಳತೆ. "ಇಪ್ಪತ್ತಾರು ಅಂಗುಲ" ಎಂಬ ಮಾತನ್ನು ನಂಬಬೇಡಿ. ಟೈರಿನ ಪಕ್ಕದಲ್ಲಿ 52-559 ಎಂಬಂತೆ ಬರೆದಿರುತ್ತದೆ, ಅದನ್ನು ನೋಡಿ. ಮೊದಲಿನದು ಅಗಲ, ಎರಡನೆಯದು ಟೈರು ಕೂರುವ ಚಕ್ರದ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ಗುಡ್ಡಗಾಡಿನ ಸೈಕಲ್ಲಿನ ಇಪ್ಪತ್ತಾರು ಎಂದರೆ 559. ಇಪ್ಪತ್ತೇಳೂವರೆ ಎಂದರೆ 584. ಇಪ್ಪತ್ತೊಂಬತ್ತು ಎಂದರೆ 622. ಹಳೆಯ ಕಾಲದ ಸೈಕಲ್ಲಿನ 26 × 1⅜ ಎಂಬುದು 590. ಹೆಸರು ಒಂದೇ ಆದರೂ ಒಂದರ ಟೈರು ಇನ್ನೊಂದಕ್ಕೆ ಕೂರದು.

ಎರಡನೆಯದು ಮೈಮೇಲಿನ ಗುಬುಟು. ದೊಡ್ಡ ಗುಬುಟಿನ ಟೈರು ಕೆಸರಿನಲ್ಲಿ ಹಿಡಿಯುತ್ತದೆ, ಡಾಂಬರಿನಲ್ಲಿ ಗುಂಯ್‌ಗುಟ್ಟಿ ಕಾಲು ಸೋಲಿಸುತ್ತದೆ. ಎರಡೂ ದಾರಿ ತುಳಿಯುವವರಿಗೆ ನಡುವೆ ಒತ್ತಾಗಿ ಸಣ್ಣ ಗುಬುಟು, ಅಂಚಿನಲ್ಲಿ ಸ್ವಲ್ಪ ದೊಡ್ಡದು ಇರುವುದು ಹಿತ. ಮುಂದಿನ ಚಕ್ರಕ್ಕೆ ಹಿಡಿತ ಹೆಚ್ಚಿನದು, ಹಿಂದಿನದಕ್ಕೆ ಸಲೀಸಾಗಿ ಉರುಳುವಂಥದು. ಮುಂದಿನದು ಜಾರಿದರೆ ಬೀಳುವುದೇ ಸರಿ.

ಮೂರನೆಯದು ತೂಕ. ಚಕ್ರದ ಅಂಚಿನ ಒಂದು ಗ್ರಾಂ ಎರಡು ಗ್ರಾಮಿಗೆ ಸಮ ಎಂದು ಹೇಳುವುದುಂಟು. ಅದು ನಿಜ, ಆದರೆ ವೇಗ ಏರಿಸುವಾಗ ಮಾತ್ರ. ಒಂದೇ ಸಮನೆ ಹೋಗುವಾಗಲೂ ಗುಡ್ಡ ಹತ್ತುವಾಗಲೂ ಗ್ರಾಂ ಗ್ರಾಂ ಮಾತ್ರವೇ. ಪಂದ್ಯಗಾರನಿಗೆ ಅದು ಲೆಕ್ಕ. ನಮಗೆ ಅರ್ಧ ಶೀಶೆ ನೀರು. ಷ್ವಾಲ್ಬೆ, ಮ್ಯಾಕ್ಸಿಸ್ ಮುಂತಾದವರು ಹಗುರವಾದುದನ್ನೂ ಮಾಡುತ್ತಾರೆ, ಮುಳ್ಳು ತಡೆಯುವ ಪದರ ಹಾಕಿ ಗಟ್ಟಿಯಾದುದನ್ನೂ ಮಾಡುತ್ತಾರೆ. ಆದ್ದರಿಂದ ಹೆಸರು ನೋಡಿ ಕೊಳ್ಳಬೇಡಿ, ಪದರ ನೋಡಿ ಕೊಳ್ಳಿ. ನಾನು ಈಗ ಹಾಕಿರುವುದು ಸುಮಾರು 650 ಗ್ರಾಮಿನದು. ಟ್ಯೂಬಿಲ್ಲದೆ ಒಳಗೆ ಹಾಲಿನಂಥ ದ್ರವ ಹಾಕಿ ತೂತು ತಾನೇ ಮುಚ್ಚುವ ಏರ್ಪಾಡೂ ಇದೆ. ಅದಕ್ಕೆ ತಕ್ಕ ಚಕ್ರ ಬೇಕು, ನಮ್ಮ ಸೆಕೆಗೆ ಆ ದ್ರವ ಬೇಗ ಒಣಗುವುದರಿಂದ ಕೆಲವು ತಿಂಗಳಿಗೊಮ್ಮೆ ಮತ್ತೆ ಹಾಕುತ್ತಿರಬೇಕು.

ಕೊನೆಯದು ಗಾಳಿ. ನನ್ನ 78 ಕಿಲೋ ದೇಹಕ್ಕೆ ಎರಡಂಗುಲದ ಟೈರಿನಲ್ಲಿ ರಸ್ತೆಯ ಮೇಲೆ ಹಿಂದೆ 45, ಮುಂದೆ 40 ಪೌಂಡು ಒತ್ತಡ. ಮಣ್ಣಿಗೆ ಇಳಿಯುವಾಗ ಐದಾರು ಪೌಂಡು ಇಳಿಸುತ್ತೇನೆ. ಟೈರಿನ ಮೇಲೆ ಬರೆದ ಮಿತಿಯನ್ನು ಎಂದೂ ಮೀರಬಾರದು. ತೀರ ಇಳಿಸಿದರೂ ಕಲ್ಲಿಗೆ ಬಡಿದಾಗ ಟ್ಯೂಬು ಚಕ್ರದ ಅಂಚಿಗೆ ಸಿಕ್ಕಿ, ಹಾವು ಕಚ್ಚಿದಂತೆ ಜೋಡಿ ತೂತು ಬೀಳುತ್ತದೆ. ಪಂಪು, ಇನ್ನೊಂದು ಟ್ಯೂಬು, ತೇಪೆ: ಇವುಗಳ ತೂಕವನ್ನು ಲೆಕ್ಕಕ್ಕೆ ಹಿಡಿಯಲೇಬೇಡಿ.

2019ರಲ್ಲಿ ನನಗೆ ವಿಜಯವಾಡಕ್ಕೆ ವರ್ಗವಾಯಿತು. ಇಲ್ಲಿ ಏರಿಳಿತ ಕಡಿಮೆ; ಕಾಲುವೆಯ ಏರಿಯ ಮಣ್ಣು ದಾರಿ, ಊರೊಳಗೆ ಸಂದಣಿ, ಬೇಸಗೆಯಲ್ಲಿ ಬೆಂಕಿ. ಮನಸ್ಸು ಬಂದ ದಿನ ಕೊಂಡಪಲ್ಲಿಯ ಕೋಟೆಯ ಗುಡ್ಡ. ಹೆಚ್ಚು ಪಾಲು ರಸ್ತೆಯೇ ಆದುದರಿಂದ ಹಿಂದಿನ ಟೈರನ್ನು ಇನ್ನೂ ನಯವಾದುದಕ್ಕೆ ಬದಲಾಯಿಸಿದೆ. ಊರು ಬದಲಾದರೆ ಟೈರೂ ಬದಲಾಗಬೇಕು. ವಲಸೆ ಬಂದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಮಗಳು ಆ ಮಾರ್ಚಿಯಲ್ಲಿ ತನ್ನ ಕೈಯಿಂದಲೇ ಪರೀಕ್ಷೆ ಬರೆದಳು. ಅಕ್ಷರ ಸ್ವಲ್ಪ ಓರೆಯಾಗಿತ್ತು, ಅಷ್ಟೆ. ಈಗ ಬೇರೆ ಊರಿನಲ್ಲಿ ಕೆಲಸದಲ್ಲಿದ್ದಾಳೆ. ರಜಕ್ಕೆ ಬಂದಾಗ ಬೆಳಗಿನ ಜಾವ ನಾವಿಬ್ಬರೂ 1957ರಲ್ಲಿ ತೆರೆದ ಪ್ರಕಾಶಂ ಬ್ಯಾರೇಜಿನ ಮೇಲೆ ಹೊಳೆ ದಾಟಿ ಉಂಡವಲ್ಲಿಯ ಗುಹೆಗಳ ಕಡೆಗೆ ಹೋಗುತ್ತೇವೆ. ನಡುವೆ ನಿಂತು ನೀರು ನೋಡುತ್ತೇವೆ. ಆಲಮಟ್ಟಿಯನ್ನು ದಾಟಿ, ಭೀಮೆಯನ್ನೂ ತುಂಗಭದ್ರೆಯನ್ನೂ ಕೂಡಿಕೊಂಡು ಬಂದ ಕೃಷ್ಣೆ. ನಮ್ಮ ಹಳ್ಳಿಯ ಹನಿಯೂ ಅದರಲ್ಲಿದ್ದೀತು.

ಹೊರಡುವ ಮುಂಚೆ ಅವಳು ಬಗ್ಗಿ ತನ್ನ ಎರಡು ಚಕ್ರವನ್ನೂ ಹೆಬ್ಬೆರಳಿನಿಂದ ಒತ್ತಿ ನೋಡುತ್ತಾಳೆ. ಆಮೇಲೆ ನನ್ನವನ್ನೂ ಒತ್ತುತ್ತಾಳೆ. ಹಳೆಯ ಮಾತನ್ನು ಎಂದೂ ಎತ್ತಿಲ್ಲ. ನಾನು ಪಂಪನ್ನು ಎತ್ತಿ ತೋರಿಸುತ್ತೇನೆ, ಅವಳು ತಲೆಯಾಡಿಸುತ್ತಾಳೆ, ಹೊರಡುತ್ತೇವೆ.