ಸಂದು ಸವೆಯಲಿ, ಕಲ್ಲು ಉಳಿಯಲಿ

ಮಠದ ಅಂಗಳದಲ್ಲಿ ಬೆಳೆದವರಿಗೆ ಕಲ್ಲುಹಾಸಿನ ಪರಿಚಯ ಪಾದಗಳ ಮೂಲಕವೇ ಆಗುತ್ತದೆ. ನಾವು ಎಂಟು ವರ್ಷದ ಬಾಲಕರಾಗಿದ್ದಾಗ ಮಠದ ಪಾಠಶಾಲೆಯನ್ನು ಸೇರಿದೆವು. ಮಹಾದ್ವಾರದಿಂದ ಗದ್ದುಗೆಯವರೆಗೆ ಹಾಸಿದ್ದ ಶಹಾಬಾದಿನ ಕಲ್ಲುಗಳನ್ನು ಬೆಳಗಿನ ಜಾವ ಗುಡಿಸಿ ನೀರು ಹಾಕುವುದೇ ನಮಗೆ ದೊರೆತ ಮೊದಲ ಸೇವೆ. ಆ ಕಲ್ಲುಗಳ ನಡುವಿನ ಸಂದುಗಳಲ್ಲಿ ತುಂಬಿದ್ದ ಸುಣ್ಣದ ಗಚ್ಚು ಅಲ್ಲಲ್ಲಿ ಉದುರಿರುತ್ತಿತ್ತು. ವರ್ಷಕ್ಕೊಮ್ಮೆ ಗೌಂಡಿಯೊಬ್ಬರು ಬಂದು, ಕುಕ್ಕುರುಗಾಲಿನಲ್ಲಿ ಕುಳಿತು, ಉದುರಿದಷ್ಟನ್ನು ತುಂಬಿ ಹೋಗುತ್ತಿದ್ದರು. ಅದು ನಮಗೆ ಗಮನಿಸತಕ್ಕ ಸಂಗತಿಯಾಗಿ ತೋರಲಿಲ್ಲ. ಶಬ್ದಮಣಿದರ್ಪಣದ ಸೂತ್ರಗಳನ್ನು ಕಂಠಪಾಠ ಮಾಡುವುದೇ ವಿದ್ಯೆ ಎಂದು ನಾವು ತಿಳಿದಿದ್ದೆವು.

2006ರಲ್ಲಿ ಜಾತ್ರೆಯ ಮೊದಲು ಅಂಗಳದ ದುರಸ್ತಿಯ ಹೊಣೆ ನಮ್ಮ ಮೇಲೆ ಬಿದ್ದಿತು. ವರ್ಷವರ್ಷವೂ ಉದುರುವ ಗಚ್ಚಿಗಿಂತ ಒಮ್ಮೆಗೇ ಸಿಮೆಂಟು ತುಂಬಿಸಿದರೆ ಶಾಶ್ವತ ಪರಿಹಾರವಾದೀತೆಂದು ನಾವು ನಿಶ್ಚಯಿಸಿದೆವು. ಆಗ ವಯಸ್ಸಾಗಿ ಕೆಲಸ ಬಿಟ್ಟಿದ್ದ ಆ ಗೌಂಡಿಯವರು ಕೋಲೂರಿಕೊಂಡು ಬಂದು, “ಶಾಸ್ತ್ರಿಗಳ, ಸಿಮೆಂಟ ಬ್ಯಾಡ್ರಿ. ಸಂದು ಕಲ್ಲಿಗಿಂತ ಗಟ್ಟಿ ಆಗಬಾರದ್ರಿ. ಸಂದು ಸವದ್ರ ಮತ್ತ ತುಂಬಬಹುದು, ಕಲ್ಲು ಹ್ವಾದ್ರ ಏನ ಮಾಡೂದ್ರಿ?” ಎಂದರು. ನಾವು ನಕ್ಕು, “ಕಾಲ ಬದಲಾಗಿದೆ, ಯಜಮಾನರೇ” ಎಂದೆವು. ಅವರು ಮರುಮಾತನಾಡದೆ ಗದ್ದುಗೆಗೆ ಕೈಮುಗಿದು ಹೊರಟುಹೋದರು. ನಾಲ್ಕೇ ದಿನಗಳಲ್ಲಿ ಕೆಲಸ ಮುಗಿಯಿತು. ಅಂಗಳ ಹೊಸದಾಗಿ ಕಂಡಿತು. ನಮ್ಮ ಬುದ್ಧಿಯ ಬಗೆಗೆ ನಮಗೆ ಸಂತೋಷವೂ ಆಯಿತು.

ನಮ್ಮದು ಎರೆಭೂಮಿ. ಮಳೆ ಬಿದ್ದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿಬಿಡುತ್ತದೆ. ಅದರ ಮೇಲಿನ ಹಾಸು ಪ್ರತಿವರ್ಷವೂ ಕೂದಲೆಳೆಯಷ್ಟಾದರೂ ಅಲುಗಾಡಲೇಬೇಕು. ಸುಣ್ಣದ ಗಚ್ಚು ಮೆತ್ತಗಿರುವುದರಿಂದ ಆ ಅಲುಗಾಟವನ್ನು ತಾನು ತಾಳಿಕೊಳ್ಳುತ್ತದೆ. ಮಿತಿಮೀರಿದರೆ ತಾನು ಬಿರಿದು ಕಲ್ಲನ್ನು ಕಾಯುತ್ತದೆ. ಸಿಮೆಂಟು ಹಾಗಲ್ಲ. ಅದು ಮಣಿಯದೆ ಕಲ್ಲಿನ ಅಂಚನ್ನೇ ಒತ್ತುತ್ತದೆ. ನೆಲದ ತೇವವು ಸುಣ್ಣದ ಸಂದಿನ ಮೂಲಕ ಉಸಿರಾಡಿದಂತೆ ಹೊರಬರುತ್ತದೆ. ಸಿಮೆಂಟು ಆ ದಾರಿಯನ್ನು ಕಟ್ಟಿದಾಗ ತೇವವು ಉಪ್ಪಿನ ಅಂಶವನ್ನೂ ಹೊತ್ತು ಕಲ್ಲಿನ ಅಂಚಿನಿಂದಲೇ ದಾರಿ ಹುಡುಕುತ್ತದೆ. ಶಹಾಬಾದಿನ ಕಲ್ಲು ಪದರಪದರವಾಗಿ ರೂಪುಗೊಂಡ ಸುಣ್ಣಗಲ್ಲು. ಐದಾರು ವರ್ಷಗಳಲ್ಲಿ ಅಂಚುಗಳ ಮೇಲೆ ಬಿಳಿಯ ಪುಡಿ ಕಾಣಿಸಿಕೊಂಡಿತು, ಆಮೇಲೆ ಹಪ್ಪಳದಂತೆ ಚಕ್ಕೆಗಳು ಏಳತೊಡಗಿದವು. ಸಂದಿನ ಸಿಮೆಂಟು ಮಾತ್ರ ಅಲುಗದೆ ಏಣಿನಂತೆ ನಿಂತಿತ್ತು.

2017ರ ಶ್ರಾವಣದಲ್ಲಿ ದರ್ಶನಕ್ಕೆ ಬಂದ ವೃದ್ಧ ತಾಯಿಯೊಬ್ಬರು ಆ ಏಣಿಗೆ ಎಡವಿ ಬಿದ್ದರು, ಮುಂಗೈ ಮುರಿಯಿತು. ನಾವು ಓಡಿ ಹೋಗಿ ಎಬ್ಬಿಸಿದಾಗ ಆ ತಾಯಿ, “ನನ್ನ ಕಣ್ಣ ಮಂಜಾಗ್ಯಾವ್ರಿ ಅಜ್ಜಾರ, ಕಲ್ಲೇನ ಮಾಡೀತು” ಎಂದರು. ತಪ್ಪು ಅವರ ಕಣ್ಣಿನದಲ್ಲವೆಂದು ನಮಗೆ ಗೊತ್ತಿತ್ತು. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ.

ಮರುದಿನ ಗೌಂಡಿಯವರ ಮನೆಗೆ ಹೋದೆವು. ಅವರು ಲಿಂಗೈಕ್ಯರಾಗಿ ಮೂರು ವರ್ಷವಾಗಿತ್ತು. ಹೇಳಬೇಕಾದ ಕ್ಷಮೆಯನ್ನು ಅವರ ಮಗನ ಮುಂದೆ ಹೇಳಿದೆವು. ಆತ, “ಮಳಿಗಾಲ ಮುಗೀಲಿ, ಬರತೀನ್ರಿ” ಎಂದಷ್ಟೇ ನುಡಿದ.

ಕಾರ್ತಿಕದಲ್ಲಿ ಕೆಲಸ ಆರಂಭವಾಯಿತು. ಬೇಸಿಗೆಯಲ್ಲಿ ಮಾಡಿದರೆ ಸುಣ್ಣವು ಬೇಗ ಒಣಗಿ ಪುಡಿಯಾಗುತ್ತದೆ, ಮಳೆಯಲ್ಲಿ ತೊಳೆದುಹೋಗುತ್ತದೆ. ಆದುದರಿಂದ ಚಳಿಯ ಆರಂಭವೇ ತಕ್ಕ ಕಾಲ. ಯಂತ್ರದಿಂದ ಕೊಯ್ದರೆ ಅಂಚುಗಳು ಹಾಳಾಗುತ್ತವೆಂದು ಉಳಿ ಸುತ್ತಿಗೆಗಳಿಂದಲೇ ಸಿಮೆಂಟನ್ನು ತೆಗೆಯಬೇಕಾಯಿತು. ಸಂದಿನ ಅಗಲದ ಎರಡರಷ್ಟಾದರೂ ಆಳಕ್ಕೆ ಬಿಡಿಸಬೇಕು. ಮೇಲೆಮೇಲೆ ಸವರಿದ ಗಚ್ಚು ನಿಲ್ಲುವುದಿಲ್ಲ. ನಾವೂ ಒಂದು ಉಳಿ ಹಿಡಿದು ಕುಳಿತೆವು. “ಉಳಿ ಕಲ್ಲಿನ ಕಡೆ ವಾಲಬಾರದ್ರಿ ಶಾಸ್ತ್ರಿಗಳ” ಎಂದು ಆತ ಮೂರು ಬಾರಿ ತಿದ್ದಿದ. ನಲವತ್ತು ವರ್ಷ ಶಿಷ್ಯರನ್ನು ತಿದ್ದಿದ ನಮಗೆ ತಿದ್ದಿಸಿಕೊಳ್ಳುವುದರ ರುಚಿ ಅಂದು ತಿಳಿಯಿತು. ಎಷ್ಟು ಎಚ್ಚರ ವಹಿಸಿದರೂ ಹನ್ನೊಂದು ಕಲ್ಲುಗಳು ಉಳಿಯಲಿಲ್ಲ.

ಬಿಡಿಸಿದ ಸಂದುಗಳನ್ನು ಗುಡಿಸಿ, ಧೂಳು ಹೋಗುವಂತೆ ತೊಳೆದು, ಒದ್ದೆ ಮಾಡಿದೆವು. ನೀರು ಮಾತ್ರ ನಿಂತಿರಬಾರದು. ಒಣ ಕಲ್ಲು ಗಚ್ಚಿನ ನೀರನ್ನು ಹೀರಿಬಿಡುತ್ತದೆ. ಸುಣ್ಣವನ್ನು ಮೊದಲೇ ಅರಳಿಸಿ, ವಾರಗಟ್ಟಲೆ ನೀರಿನಡಿಯಲ್ಲಿ ಮಾಗಿಸಿಟ್ಟಿದ್ದರು. ಅರಳುವಾಗ ಸುಣ್ಣ ಕುದಿಯುತ್ತದೆ, ಕಣ್ಣಿಗೆ ಸಿಡಿದರೆ ಅಪಾಯ, ಮಕ್ಕಳನ್ನು ದೂರವಿಡಬೇಕು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮಣ್ಣಿಲ್ಲದ ಉಸುಕು. ಮಳೆಗೆ ತೆರೆದ ಹಾಸಾದುದರಿಂದ ಉಸುಕಿನ ಒಂದು ಭಾಗಕ್ಕೆ ಬದಲಾಗಿ ಚೆನ್ನಾಗಿ ಸುಟ್ಟ ಇಟ್ಟಿಗೆಯ ಪುಡಿಯನ್ನು ಬೆರೆಸಿದರು. ಅದರಿಂದ ಗಚ್ಚಿಗೆ ತೇವದಲ್ಲಿಯೂ ಬಿಗಿಯುವ ಗುಣ ಬರುತ್ತದೆ. ಇದನ್ನು ಒಮ್ಮೆಗೇ ತುಂಬದೆ, ಪದರಪದರವಾಗಿ ಒತ್ತಿ, ಕಲ್ಲಿನ ಅಂಚಿಗಿಂತ ತುಸು ಕೆಳಗೆ ನಿಲ್ಲಿಸಿದರು. ಮೇಲೆ ಒದ್ದೆ ಗೋಣಿತಟ್ಟುಗಳನ್ನು ಹೊದಿಸಿ, ಎರಡು ವಾರ ನೀರು ಚಿಮುಕಿಸಿ, ಯಾರೂ ತುಳಿಯದಂತೆ ಕಾದೆವು. ಮಳೆನೀರು ಹರಿದುಹೋಗಲು ಅಂಗಳದ ಇಳಿಜಾರನ್ನೂ ಸರಿಪಡಿಸಲಾಯಿತು. ನೀರು ನಿಲ್ಲುವಲ್ಲಿ ಯಾವ ಗಚ್ಚೂ ಬಾಳದು.

ಸುಣ್ಣದ ಸ್ವಭಾವವೇ ವಿಸ್ಮಯಕರ. ಸುಣ್ಣಗಲ್ಲನ್ನು ಸುಟ್ಟಾಗ ಅದರೊಳಗಿನ ಇಂಗಾಲಾಮ್ಲ ವಾಯು ಹೊರಟುಹೋಗುತ್ತದೆ. ಗಚ್ಚಾಗಿ ಸಂದು ಸೇರಿದ ಮೇಲೆ ಸುಣ್ಣವು ಅದೇ ವಾಯುವನ್ನು ಗಾಳಿಯಿಂದ ಮೆಲ್ಲಮೆಲ್ಲನೆ ಹೀರಿ ಮರಳಿ ಕಲ್ಲಾಗುತ್ತದೆ. 1656ರಲ್ಲಿ ಮುಗಿದ ವಿಜಯಪುರದ ಗೋಳಗುಮ್ಮಟ ಸುಣ್ಣದ ಗಚ್ಚಿನಲ್ಲಿಯೇ ನಿಂತಿದೆ. ಸಿಮೆಂಟಿಗೆ ಇಂಗ್ಲೆಂಡಿನಲ್ಲಿ ಹಕ್ಕುಪತ್ರ ದೊರೆತದ್ದು 1824ರಲ್ಲಿ. ಹೊಸ ಕಟ್ಟಡಕ್ಕೆ ಅದು ಬೇಕಾದೀತು; ಹಳೆಯ ಕಲ್ಲಿಗೆ ಹಳೆಯ ನಂಟೇ ಹಿತ. ಮನೆಯ ಹಿರಿಯರು ಹಾಸಿದ ಕಲ್ಲಿನ ಅಂಗಳವುಳ್ಳವರು ಇದನ್ನು ನೆನಪಿಡಬೇಕೆಂದು ಪ್ರಾರ್ಥನೆ.

ಈಗ ಪ್ರತಿವರ್ಷ ಕಾರ್ತಿಕದಲ್ಲಿ ಒಂದೆರಡು ಮೊಳದಷ್ಟು ಸಂದು ಉದುರಿರುತ್ತದೆ. ಗೌಂಡಿ ಬರುತ್ತಾನೆ, ನಾವು ಜೊತೆಗೆ ಕುಳಿತು ತುಂಬುತ್ತೇವೆ. ಮೊದಲು ಇದನ್ನೇ ನಾವು ದೋಷವೆಂದು ಎಣಿಸಿದ್ದೆವು. ಕೂಡಿ ಬಾಳುವ ಮನೆಯಲ್ಲಿಯೂ ಯಾರಾದರೊಬ್ಬರು ತುಸು ಸವೆದು ಉಳಿದವರನ್ನು ಕಾಯುತ್ತಿರುತ್ತಾರೆ. ಬಹಳ ಸಲ ಅವರು ತಾಯಂದಿರು. ಅವರನ್ನು ದುರ್ಬಲರೆಂದು ಬಗೆಯದೆ, ಸವೆದಷ್ಟನ್ನು ವರ್ಷವರ್ಷವೂ ತುಂಬಿಕೊಡುವುದು ನಮ್ಮ ಕಾಯಕವಾಗಬೇಕು. ಕೈ ಮುರಿದಿದ್ದ ಆ ತಾಯಿ ಮುಂದಿನ ಜಾತ್ರೆಗೆ ಬಂದು ಹೊಸ ಸಂದುಗಳ ಮೇಲೆ ನಿಧಾನವಾಗಿ ನಡೆದು ಗದ್ದುಗೆಯನ್ನು ಮುಟ್ಟಿದರು. ನಾವು ಅವರ ಹಿಂದೆ, ಎರಡು ಹೆಜ್ಜೆ ಅಂತರದಲ್ಲಿ ನಡೆದೆವು.